ಪ್ರತಿಕಾರನ ಕಿವಿ: ಕೆಲಸದ ಹೊತ್ತಿನ ಸಂಗೀತದ ಚರಿತ್ರೆಯಿಂದ ಕೆಲವು ಪುಟಗಳು

ಕೆಲವು ತಿಂಗಳ ಹಿಂದೆ ಒಂದು ಸಾಂಗತ್ಯ ಕೃತಿಯ ಕಾಗದದ ಹಸ್ತಪ್ರತಿಯನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಸಂಜೆಯ ಹೊತ್ತು, ಕಿವಿಯಲ್ಲಿ ಹೆಡ್‌ಫೋನು, ಅದರಲ್ಲಿ ದಾಸರ ಪದಗಳು. ಒಂದು ವಾರದ ಬಳಿಕ ಟೈಪಿಸಿದ ಪುಟಗಳನ್ನು ಮೂಲದೊಡನೆ ಹೋಲಿಸಿ ನೋಡುವಾಗ ಒಂದು ಪದ್ಯದ ಆರಂಭದಲ್ಲಿ ‘ನಾನೇ’ ಎಂದಿರಬೇಕಾದ ಕಡೆ ‘ನೀನೇ’ ಎಂದಿರುವುದು ಕಣ್ಣಿಗೆ ಬಿತ್ತು. ಛಂದಸ್ಸು ಕೆಟ್ಟಿರಲಿಲ್ಲ, ಎರಡು ಪದಗಳಲ್ಲಿಯೂ ಎರಡೆರಡು ಗುರುಗಳು. ಎರಡನೆಯ ಅಕ್ಷರ ಎರಡರಲ್ಲಿಯೂ ನಕಾರವೇ ಆದುದರಿಂದ ಆದಿಪ್ರಾಸಕ್ಕೂ ಭಂಗ ಬಂದಿರಲಿಲ್ಲ. ಕ್ರಿಯಾಪದವಿಲ್ಲದ ವಾಕ್ಯವಾದುದರಿಂದ ವ್ಯಾಕರಣವೂ ದೂರು ಹೇಳಲಿಲ್ಲ. ಆದರೆ ತನ್ನ ಕರ್ಮಕ್ಕೆ ತಾನೇ ಹೊಣೆಯೆಂದು ಒಪ್ಪಿಕೊಳ್ಳುತ್ತಿದ್ದ ಪಾತ್ರವೊಂದು ನನ್ನ ಪ್ರತಿಯಲ್ಲಿ ಆ ಹೊಣೆಯನ್ನು ಎದುರಿಗಿದ್ದವನ ಮೇಲೆ ಹೊರಿಸುತ್ತಿತ್ತು. ಜೈನ ಕಾವ್ಯವೊಂದರಲ್ಲಿ ಇದು ಸಣ್ಣ ತಪ್ಪಲ್ಲ. ‘ನೀನೇ’ ಎಂಬುದು ಎಲ್ಲಿಂದ ಬಂದಿತೆಂದು ಹುಡುಕಬೇಕಾದ ಅಗತ್ಯವೂ ಇರಲಿಲ್ಲ. ಅಂದು ಕೇಳುತ್ತಿದ್ದ ಪದದ ಪಲ್ಲವಿಯಲ್ಲಿ ಅದು ಮತ್ತೆ ಮತ್ತೆ ಬರುತ್ತಿತ್ತು.

ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವಾಗ ಯಾವ ಸಂಗೀತವನ್ನು ಕೇಳುವುದು ಒಳ್ಳೆಯದು ಎಂಬ ಪ್ರಶ್ನೆಯನ್ನು ಸಂಶೋಧನ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಅದನ್ನು ಅಭಿರುಚಿಯ ಪ್ರಶ್ನೆಯೆಂದು ತಿಳಿದು ಇದುವರೆಗೆ ನಕ್ಕು ಸುಮ್ಮನಾಗುತ್ತಿದ್ದೆ. ಮೇಲಿನ ಪ್ರಸಂಗದ ಬಳಿಕ ಅದು ಗ್ರಂಥಸಂಪಾದನೆಯ ಪ್ರಶ್ನೆಯೂ ಹೌದೆಂದು ತೋರಿತು. ಅದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯ ಒಂದು ಎಳೆ, ಸ್ವಲ್ಪ ಅನಿರೀಕ್ಷಿತವಾಗಿ, ಜೈನಾಗಮಗಳ ವ್ಯಾಖ್ಯಾನ ಪರಂಪರೆಯವರೆಗೂ ಹೋಗುತ್ತದೆ.

ಮೊದಲು ಪ್ರತಿಕಾರನ ವಿಚಾರ. ಹಸ್ತಪ್ರತಿಗಳಲ್ಲಿ ಕಾಣುವ ಸ್ಖಾಲಿತ್ಯಗಳನ್ನು ಗ್ರಂಥಸಂಪಾದನ ಶಾಸ್ತ್ರ ವಿಂಗಡಿಸಿ ಹೇಳುತ್ತದೆ, ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಇದು ಹೊಸತಲ್ಲ. ಕಣ್ಣಿನಿಂದ ಆಗುವ ತಪ್ಪುಗಳುಂಟು, ಕಿವಿಯಿಂದ ಆಗುವ ತಪ್ಪುಗಳುಂಟು, ಮನಸ್ಸಿನಿಂದ ಆಗುವ ತಪ್ಪುಗಳುಂಟು. ಒಬ್ಬರು ಓದಿ ಇನ್ನೊಬ್ಬರು ಬರೆದುಕೊಳ್ಳುವಾಗ ಮಾತ್ರ ಕಿವಿಯ ತಪ್ಪುಗಳು ಆಗುತ್ತವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಒಬ್ಬನೇ ಕುಳಿತು ಪ್ರತಿ ಮಾಡುವವನಿಗೂ ಓದಿ ಹೇಳುವವನೊಬ್ಬ ಇರುತ್ತಾನೆ. ಅವನು ತನ್ನೊಳಗೇ ಇರುತ್ತಾನೆ. ಪ್ರತಿಕಾರನು ಮೂಲದತ್ತ ನೋಡಿ ಮೂರು ನಾಲ್ಕು ಪದಗಳನ್ನು ತೆಗೆದುಕೊಳ್ಳುತ್ತಾನೆ, ಅವನ್ನು ಮನಸ್ಸಿನಲ್ಲಿ ಉಚ್ಚರಿಸಿಕೊಳ್ಳುತ್ತಾನೆ, ಆ ಉಚ್ಚಾರದ ಗುಂಗು ಆರುವ ಮುನ್ನ ಓಲೆಯ ಮೇಲೆ ಕೊರೆಯುತ್ತಾನೆ. ಮೂಲದಿಂದ ಕಣ್ಣು ತೆಗೆದು ತನ್ನ ಪ್ರತಿಯತ್ತ ತಿರುಗುವ ಆ ಒಂದೆರಡು ಗಳಿಗೆಗಳಲ್ಲಿ ಪಾಠವು ಮೂಲದಲ್ಲೂ ಇಲ್ಲ, ಪ್ರತಿಯಲ್ಲೂ ಇಲ್ಲ. ಬರಿಯ ಧ್ವನಿಯಾಗಿ ಅವನಲ್ಲಿದೆ. ನನ್ನ ‘ನಾನೇ’ ಕಳೆದುಹೋದದ್ದು ಅಲ್ಲಿಯೇ.

ಒಂದು ಪದದ ಬೆಲೆ ಎಷ್ಟು ಎಂಬುದನ್ನು ನಮ್ಮವರು ಷಟ್ಖಂಡಾಗಮದ ಮುದ್ರಣದ ಸಂದರ್ಭದಲ್ಲಿ ಕಂಡಿದ್ದಾರೆ. ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ ಈ ಗ್ರಂಥದ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಮಾತ್ರ ಉಳಿದುಬಂದಿದ್ದವು. ಅವುಗಳಿಂದ ಪ್ರತಿಗಳು, ಆ ಪ್ರತಿಗಳಿಂದ ಮತ್ತೆ ಪ್ರತಿಗಳು ಆಗಿ ಹೊರಗೆ ಬಂದವು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಪ್ರಕಟವಾದಾಗ ಆಧಾರವಾಗಿದ್ದುದು ಇಂತಹ ಪ್ರತಿಗಳ ಪ್ರತಿಗಳೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದಾಸಂಜದ’ ಎಂಬುದರ ಮುಂದೆ ‘ಸಂಜದ’ ಎಂಬ ಪದ ಇರಬೇಕೆಂದು ಅರ್ಥದ ಬಲದಿಂದ ಸಂಪಾದಕರು ಊಹಿಸಿದ್ದರು; ಪ್ರತಿಗಳಲ್ಲಿ ಅದು ಇರಲಿಲ್ಲ. ಮೂಡಬಿದಿರೆಯ ಓಲೆಗಳನ್ನು ನೋಡಿಸಿದಾಗ ಪದ ಅಲ್ಲಿ ಇದ್ದುದು ಖಚಿತವಾಯಿತು. ಒಂದೇ ಬಗೆಯ ಅಕ್ಷರಗಳು ಬೆನ್ನುಬೆನ್ನಿಗೆ ಬಂದಾಗ ಒಂದು ಸಾಲು ಮಾಯವಾಗುವುದು ಪ್ರತಿಕಾರನ ಅತಿ ಸಾಮಾನ್ಯ ದೋಷ. ಆದರೆ ಆ ಸೂತ್ರ ಮನುಷ್ಯಸ್ತ್ರೀಯ ಗುಣಸ್ಥಾನಗಳನ್ನು ಕುರಿತದ್ದು. ಸ್ತ್ರೀಮುಕ್ತಿಯ ಪ್ರಶ್ನೆಗೆ ತಾಗುವ ಆ ಮೂರಕ್ಷರಗಳ ಸುತ್ತ 1940ರ ದಶಕದಲ್ಲಿ ವಿದ್ವಾಂಸರ ನಡುವೆ ದೀರ್ಘವಾದ ವಾದವಿವಾದ ನಡೆಯಿತು. ಯಾವನೋ ಪ್ರತಿಕಾರನ ಗಮನ ಅರೆಗಳಿಗೆ ಆಚೆಗೆ ಹೋದುದಕ್ಕೆ ತೆತ್ತ ಬೆಲೆ ಅದು. ಅವನ ಕಿವಿಗೆ ಆಗ ಏನು ಬೀಳುತ್ತಿತ್ತೋ ಬಲ್ಲವರಾರು. ಬಸದಿಯ ಗಂಟೆಯೋ, ಬೀದಿಯ ಮಾತೋ, ಏನೂ ಇಲ್ಲವೋ.

ಹಳೆಯ ಪ್ರತಿಗಳ ಕೊನೆಯಲ್ಲಿ ಪ್ರತಿಕಾರರು ಬಾಗಿದ ಬೆನ್ನು, ಬಗ್ಗಿದ ಕೊರಳು, ಸೋತ ಕಣ್ಣುಗಳ ಬಗ್ಗೆ ಹೇಳಿಕೊಂಡು, ಕಷ್ಟಪಟ್ಟು ಬರೆದ ಈ ಪುಸ್ತಕವನ್ನು ಜತನದಿಂದ ಕಾಪಾಡಿರೆಂದು ಬೇಡುವುದುಂಟು. ಕಂಪ್ಯೂಟರಿನ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವ ಯಾರಿಗಾದರೂ ಆ ಬೆನ್ನು, ಕೊರಳು, ಕಣ್ಣುಗಳು ತಮ್ಮವೇ ಎನ್ನಿಸಬೇಕು. ಕಿವಿಯ ಮಾತು ಮಾತ್ರ ಅಲ್ಲಿ ಬರುವುದಿಲ್ಲ.

ಕೆಲಸವೂ ಸಂಗೀತವೂ ಒಟ್ಟಿಗೆ ನಡೆಯಬಲ್ಲವೆ? ಈ ಪ್ರಶ್ನೆಯನ್ನು ಇದೇ ರೂಪದಲ್ಲಿ ಯಾರೂ ಕೇಳಿರಲಾರರು. ಆದರೆ ಇದರ ತಿರುಳನ್ನು ಬಹಳ ಹಿಂದೆ ಒಬ್ಬ ಸಾಧು ನದಿಯ ನಡುವೆ ನಿಂತು ಕೇಳಿದ್ದನು. ಶ್ವೇತಾಂಬರ ಪರಂಪರೆಯಲ್ಲಿ ಏಳು ಮಂದಿ ನಿಹ್ನವರ ಕಥೆಗಳಿವೆ. ಆಗಮದ ಒಂದೊಂದು ಮಾತನ್ನು ಮರೆಮಾಚಿ ಬೇರೆ ಮತ ಹೂಡಿದವರೆಂದು ಅವರಿಗೆ ಆ ಹೆಸರು. ಐದನೆಯವನು ಆರ್ಯ ಗಂಗ. ವೀರನಿರ್ವಾಣದ 228 ವರ್ಷಗಳ ಬಳಿಕ ಅವನ ವಾದ ಹುಟ್ಟಿತೆಂದು ಪರಂಪರೆ ಎಣಿಸುತ್ತದೆ. 6–7ನೆಯ ಶತಮಾನದ ಜಿನಭದ್ರಗಣಿ ಕ್ಷಮಾಶ್ರಮಣರ ವಿಶೇಷಾವಶ್ಯಕಭಾಷ್ಯದಲ್ಲಿ ಅದರ ವಿಸ್ತಾರವಾದ ಚರ್ಚೆಯಿದೆ.

ಕಥೆ ಇಷ್ಟು. ಶರತ್ಕಾಲ. ಗಂಗನ ಗುರುಗಳಾದ ಧನಗುಪ್ತರು ಉಲ್ಲುಕಾ ನದಿಯ ಆಚೆ ದಡದಲ್ಲಿದ್ದಾರೆ. ಅವರ ವಂದನೆಗಾಗಿ ಗಂಗನು ನದಿಯನ್ನು ದಾಟುತ್ತಿದ್ದಾನೆ. ಅವನ ತಲೆ ಬೋಳು. ಮೇಲೆ ಸುಡುವ ಬಿಸಿಲು. ಕಾಲುಗಳಿಗೆ ತಣ್ಣನೆಯ ನೀರು. ಒಂದು ಕಾಲಕ್ಕೆ ಒಂದೇ ವೇದನೆಯನ್ನು ಅನುಭವಿಸುವುದು ಸಾಧ್ಯವೆಂದು ಸೂತ್ರ ಹೇಳುತ್ತದೆ. ನನಗಾದರೋ ತಲೆಯಲ್ಲಿ ಬಿಸಿಯೂ ಕಾಲಲ್ಲಿ ತಂಪೂ ಒಟ್ಟಿಗೇ ತಿಳಿಯುತ್ತಿವೆಯಲ್ಲ ಎಂದು ಅವನಿಗೆ ಹೊಳೆಯಿತು. ದಡ ಸೇರಿ ಗುರುಗಳಿಗೆ ಹೇಳಿದನು. ಗುರುಗಳು ಅನುಭವವನ್ನು ಅಲ್ಲಗಳೆಯಲಿಲ್ಲ. ಅದರ ವಿವರಣೆಯನ್ನು ಅಲ್ಲಗಳೆದರು. ಸಮಯವೆಂಬುದು ಅತ್ಯಂತ ಸೂಕ್ಷ್ಮ, ಮನಸ್ಸು ಅತ್ಯಂತ ಚಂಚಲ. ಅದು ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ ಸರಿದಾಡುವ ಕ್ರಮ ನಿನ್ನ ಅರಿವಿಗೆ ಬರುತ್ತಿಲ್ಲ. ಆದುದರಿಂದ ಎರಡೂ ಒಂದೇ ಕಾಲಕ್ಕೆ ಎನ್ನಿಸುತ್ತಿದೆ ಎಂದರು. ಒಂದರ ಮೇಲೊಂದಿಟ್ಟ ನೂರು ತಾವರೆಯೆಸಳುಗಳನ್ನು ಸೂಜಿಯಿಂದ ಚುಚ್ಚಿದಾಗ ಎಲ್ಲವೂ ಒಮ್ಮೆಗೇ ತೂತಾದಂತೆ ಕಾಣುವುದೆಂಬ ದೃಷ್ಟಾಂತ ಭಾರತೀಯ ತರ್ಕಗ್ರಂಥಗಳಲ್ಲಿ ಪ್ರಸಿದ್ಧವಾದದ್ದು; ಅದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಗಂಗನು ಒಪ್ಪಲಿಲ್ಲ, ಸಂಘದಿಂದ ಹೊರಗಾದನು. ಮುಂದೆ ರಾಜಗೃಹದಲ್ಲಿ ಮಣಿನಾಗನೆಂಬ ನಾಗನ ಚೈತ್ಯದ ಬಳಿ ಅವನು ಇದನ್ನೇ ಉಪದೇಶಿಸುತ್ತಿದ್ದಾಗ ಆ ನಾಗನು ಗದರಿಸಲಾಗಿ ತನ್ನ ವಾದವನ್ನು ಬಿಟ್ಟು ಗುರುಗಳ ಬಳಿಗೆ ಮರಳಿದನೆಂದು ಕಥೆ ಮುಗಿಯುತ್ತದೆ. ತರ್ಕಕ್ಕೆ ಬಗ್ಗದವನು ನಾಗನಿಗೆ ಬಗ್ಗಿದನೆಂಬುದು ನನಗೆ ಅಷ್ಟು ಸಮಾಧಾನ ಕೊಡುವ ಮುಕ್ತಾಯವಲ್ಲ. ಆದರೆ ಗುರುವಿನ ಉತ್ತರ ಮಾತ್ರ ಅಸಾಧಾರಣವಾದದ್ದು.

ದಿಗಂಬರ ಪರಂಪರೆಯಲ್ಲಿ ಈ ಕಥೆಯಿಲ್ಲ, ತತ್ತ್ವವುಂಟು. ನೇಮಿಚಂದ್ರರ ದ್ರವ್ಯಸಂಗ್ರಹದಲ್ಲಿ ಛದ್ಮಸ್ಥರಿಗೆ, ಎಂದರೆ ಕೇವಲಜ್ಞಾನ ಪಡೆಯದ ನಮ್ಮಂಥವರಿಗೆ, ದರ್ಶನ ಮೊದಲು, ಜ್ಞಾನ ಆಮೇಲೆ; ಎರಡು ಉಪಯೋಗಗಳು ಒಟ್ಟಿಗೆ ಇರಲಾರವು; ಕೇವಲಿಗೆ ಮಾತ್ರ ಎರಡೂ ಏಕಕಾಲದಲ್ಲಿ ಎಂಬ ಮಾತಿದೆ. (ಈ ನೇಮಿಚಂದ್ರರು ಚಾವುಂಡರಾಯನ ಕಾಲದ ಸಿದ್ಧಾಂತಚಕ್ರವರ್ತಿಗಳೇ ಅಥವಾ ಬೇರೊಬ್ಬರೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ.) ಅಲ್ಲಿ ಹೇಳಿರುವುದು ದರ್ಶನ ಮತ್ತು ಜ್ಞಾನಗಳ ಕ್ರಮ, ಅದನ್ನು ಹೆಡ್‌ಫೋನಿಗೆ ಎಳೆದು ತರುವುದು ನನ್ನ ಸಲುಗೆ. ಆದರೂ ಚಿತ್ತವು ಒಂದೆಡೆ ತೊಡಗುವುದಕ್ಕೆ ‘ಉಪಯೋಗ’ ಎಂಬ ಪಾರಿಭಾಷಿಕ ಪದವನ್ನು ಕೊಟ್ಟು, ಎರಡು ತೊಡಗುವಿಕೆಗಳು ಒಟ್ಟಿಗೆ ನಿಲ್ಲುವುವೇ ಎಂದು ಇಷ್ಟು ನಿಷ್ಠುರವಾಗಿ ವಿಚಾರಿಸಿದ ಪರಂಪರೆಯಲ್ಲಿ ಬೆಳೆದವನಿಗೆ, ಹಾಡು ಕೇಳುತ್ತ ಹಸ್ತಪ್ರತಿ ಇಳಿಸುತ್ತಿದ್ದೆ ಎಂದು ಹೇಳಿಕೊಳ್ಳುವಾಗ ಧನಗುಪ್ತರ ನೆನಪಾಗದೆ ಇರದು. ನಾನು ಕೇಳುತ್ತ ಬರೆಯುತ್ತಿರಲಿಲ್ಲ. ಕೇಳುವುದರಿಂದ ಬರೆಯುವುದಕ್ಕೆ, ಬರೆಯುವುದರಿಂದ ಕೇಳುವುದಕ್ಕೆ ನನ್ನ ಅರಿವಿಗೆ ಬಾರದಷ್ಟು ಬೇಗ ಜಿಗಿಯುತ್ತಿದ್ದೆ. ಒಂದು ಜಿಗಿತದಲ್ಲಿ ‘ನಾನೇ’ ಬಿದ್ದುಹೋಗಿ ‘ನೀನೇ’ ಕೈಗೆ ಬಂದಿತ್ತು.

ಇದನ್ನು ಒಪ್ಪಿದರೆ ಇನ್ನೊಂದು ಸಂದೇಹ ಎದುರಾಗುತ್ತದೆ. ಎರಡು ಕ್ರಿಯೆಗಳು ಕೂಡುವುದಿಲ್ಲವಾದರೆ ಜಗತ್ತಿನ ಎಲ್ಲ ಕಡೆಯಲ್ಲೂ ಜನ ಹಾಡುತ್ತ ದುಡಿದದ್ದು ಹೇಗೆ? ನಮ್ಮ ಬೀಸುವ ಪದ, ಕುಟ್ಟುವ ಪದಗಳನ್ನೇ ನೋಡಬಹುದು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳಲ್ಲಿ ಬಹುಪಾಲು ಬೀಸುಕಲ್ಲಿನ ಮುಂದೆ ಹುಟ್ಟಿ ಬೆಳೆದಂತಹವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಯಾವ ಹಾಡು ಯಾವ ಸಂದರ್ಭಕ್ಕೆ ಎಂಬ ವಿವರ ಬರುತ್ತದೆ: ಮದುವೆಗೆ ಧವಲ, ಉತ್ಸವಕ್ಕೆ ಮಂಗಲ, ಕಥೆಗೆ ಷಟ್ಪದಿ, ಯೋಗಿಗಳಿಗೆ ಚರ್ಯಾ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವುದು ಓವಿ. ಇಂದಿನ ಮೊಬೈಲಿನಲ್ಲಿ ‘ಓದುವುದಕ್ಕೆ’, ‘ನಡೆಯುವುದಕ್ಕೆ’, ‘ನಿದ್ರೆಗೆ’ ಎಂದು ಹಾಡುಗಳನ್ನು ಕಟ್ಟುಕಟ್ಟಾಗಿ ಕೊಡುತ್ತಾರಲ್ಲ, ಅದರ ಪೂರ್ವಜನಂತಿದೆ ಈ ಪಟ್ಟಿ. ಒಂದು ವ್ಯತ್ಯಾಸ ದೊಡ್ಡದು. ಸೋಮೇಶ್ವರನ ಹೆಂಗಸರು ಹಾಡನ್ನು ಕೇಳುವವರಲ್ಲ, ಹಾಡುವವರು. ಕಲ್ಲಿನ ಸುತ್ತು, ತೋಳಿನ ವೀಸು, ಉಸಿರಿನ ಎಳೆತ, ಸಾಲಿನ ಗಣ ಎಲ್ಲವೂ ಒಂದೇ ಚಲನೆಯ ಭಾಗಗಳು. ಅಲ್ಲಿ ಎರಡು ಕ್ರಿಯೆಗಳೇ ಇಲ್ಲ. ಹಾಡು ಕೆಲಸದ ಉಸಿರು. ಆರ್ಯ ಗಂಗನ ವಾದಕ್ಕೆ ಬೀಸುಕಲ್ಲು ಸಾಕ್ಷಿ ಹೇಳಲಾರದು.

ಹಾಡು ದುಡಿಯುವವರ ಬಾಯಿಯಿಂದ ಬಿಟ್ಟುಹೋಗಿ ಹೊರಗಿನಿಂದ ಕಿವಿಗೆ ಬರತೊಡಗಿದಾಗ ಚರಿತ್ರೆ ಹೊರಳುತ್ತದೆ. ಇಲ್ಲಿ ಕ್ಯೂಬಾದ ಚುಟ್ಟದ ಕಾರ್ಖಾನೆಗಳ ನಿದರ್ಶನ ಬಹಳ ಉಪಯುಕ್ತ. 1865ರಲ್ಲಿ ಹವಾನಾದ ಒಂದು ಕಾರ್ಖಾನೆಯಲ್ಲಿ, ಕೆಲಸಗಾರರು ಸಾಲಾಗಿ ಕುಳಿತು ಹೊಗೆಸೊಪ್ಪನ್ನು ಸುರುಳಿ ಸುತ್ತುತ್ತಿರುವಾಗ ಒಬ್ಬನು ಎತ್ತರದಲ್ಲಿ ಕುಳಿತು ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಗಟ್ಟಿಯಾಗಿ ಓದುವ ಪದ್ಧತಿ ಆರಂಭವಾಯಿತು. ಓದುಗನ ಸಂಬಳವನ್ನು ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು. ಕಾದಂಬರಿಗಳು, ರಾಜಕೀಯ ಲೇಖನಗಳು, ಎಲ್ಲವೂ ಆ ಕಿವಿಗಳಿಗೆ ಬಿದ್ದವು. ಅಧಿಕಾರಿಗಳು ಅದಕ್ಕೆ ಬೆದರಿ ಮರುವರ್ಷವೇ ಓದನ್ನು ನಿಷೇಧಿಸಿದರು. ಆಮೇಲೆ ಆ ಪದ್ಧತಿ ಮತ್ತೆ ತಲೆಯೆತ್ತಿ ಫ್ಲಾರಿಡಾದವರೆಗೂ ಹಬ್ಬಿತು. ಇಷ್ಟು ದಟ್ಟವಾದ ಮಾತು ಕಿವಿಗೆ ಬೀಳುತ್ತಿದ್ದರೂ ಚುಟ್ಟ ಕೆಡಲಿಲ್ಲ. ಪಳಗಿದ ಬೆರಳುಗಳಿಗೆ ಮಾತಿನ ಹಂಗಿಲ್ಲ. ಇದೇ ದೃಶ್ಯವನ್ನು ಸ್ವಲ್ಪ ಬೇರೆ ರೂಪದಲ್ಲಿ ನಮ್ಮ ಕರಾವಳಿಯಲ್ಲಿ ಕಾಣಬಹುದು. ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಹೆಂಗಸರು ಬೀಡಿ ಸುತ್ತುತ್ತಿರುವಾಗ ಮಂಗಳೂರು ಆಕಾಶವಾಣಿ ಪಕ್ಕದಲ್ಲಿ ಮಾತಾಡುತ್ತಲೇ ಇರುತ್ತಿತ್ತು: ಹಾಡು, ನಾಟಕ, ಯಕ್ಷಗಾನ, ವಾರ್ತೆ. ಮೂಡಬಿದಿರೆಯಲ್ಲಿ ಓಲೆಗಳನ್ನು ಪ್ರತಿ ಮಾಡಿದವರ ಊರೂ ಅದೇ, ಎಲೆಯನ್ನು ಸುತ್ತಿದವರ ಊರೂ ಅದೇ. ಒಬ್ಬರ ಕೆಲಸಕ್ಕೆ ಮಾತು ನೆರವು. ಇನ್ನೊಬ್ಬರ ಕೆಲಸಕ್ಕೆ ಅದೇ ಮಾತು ಶತ್ರು.

ಕಾರ್ಖಾನೆಗಳಿಗೆ ಸಂಗೀತವನ್ನು ಯೋಜಿಸಿ ಹಂಚಿದ ಅಧ್ಯಾಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬ್ರಿಟನ್ನಿನಲ್ಲಿ ವ್ಯಾಟ್ ಮತ್ತು ಲ್ಯಾಂಗ್‌ಡನ್ ಎಂಬವರು 1937ರ ತಮ್ಮ ವರದಿಯಲ್ಲಿ, ಒಂದನ್ನೇ ಮತ್ತೆ ಮತ್ತೆ ಮಾಡುವ ಕೆಲಸದ ಬೇಸರವನ್ನು ಸಂಗೀತ ಕಳೆಯುತ್ತದೆ, ಉತ್ಪಾದನೆಯನ್ನೂ ಸ್ವಲ್ಪ ಹೆಚ್ಚಿಸುತ್ತದೆ ಎಂದು ತೋರಿಸಿದರು. 1940ರ ಜೂನ್ 23ರಂದು ಬಿಬಿಸಿ ಯುದ್ಧಕಾಲದ ಕಾರ್ಖಾನೆಗಳಿಗಾಗಿ ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯ ‘ಮ್ಯೂಸಿಕ್ ವೈಲ್ ಯು ವರ್ಕ್’ ಪ್ರಸಾರವನ್ನು ತೊಡಗಿತು. ಯಂತ್ರಗಳ ಸದ್ದಿನ ಮೇಲೆ ಕೇಳುವಂತೆ ಏರಿಳಿತವಿಲ್ಲದ, ಪರಿಚಿತವಾದ ಧಾಟಿಗಳು ಅದರಲ್ಲಿರುತ್ತಿದ್ದವು. ‘ಡೀಪ್ ಇನ್ ದಿ ಹಾರ್ಟ್ ಆಫ್ ಟೆಕ್ಸಸ್’ ಎಂಬ ಹಾಡನ್ನು ಅಲ್ಲಿ ನಿಷೇಧಿಸಿದರಂತೆ. ಅದರಲ್ಲಿ ಚಪ್ಪಾಳೆ ತಟ್ಟುವ ಜಾಗ ಬಂದಾಗ ಕೆಲಸಗಾರರು ಕೈಯ ಉಪಕರಣಗಳಿಂದ ಯಂತ್ರವನ್ನೇ ಬಡಿಯುವರೆಂಬ ಭಯ. ಅಮೆರಿಕದಲ್ಲಿ 1934ರಿಂದ ಮ್ಯೂಜಾಕ್ ಎಂಬ ಸಂಸ್ಥೆ ಇದನ್ನೇ ವ್ಯಾಪಾರವಾಗಿಸಿತು. ಈ ಎಲ್ಲದರಲ್ಲೂ ಆಯ್ಕೆ ದುಡಿಸುವವರದು. ಸೋಮೇಶ್ವರನ ಓವಿಗೂ ಇವಕ್ಕೂ ನಡುವಿನ ಅಂತರ ಇದೇ.

ಕಂಪ್ಯೂಟರು ಬಂದ ಮೇಲೆ ಆಯ್ಕೆ ಮತ್ತೆ ದುಡಿಯುವವನ ಕೈಗೆ ಬಂದಿತು. ಕೆಲಸದ ಸ್ವರೂಪ ಮಾತ್ರ ಗೊಂದಲಕ್ಕೆ ಬಿದ್ದಿತು. ಬೀಸುವವಳಿಗೆ ತಾನು ಬೀಸುತ್ತಿದ್ದೇನೆಂದು ಗೊತ್ತಿತ್ತು. ಕಂಪ್ಯೂಟರಿನ ಮುಂದೆ ಕುಳಿತವನು ಒಂದೇ ಕುರ್ಚಿಯಲ್ಲಿ, ಒಂದೇ ಭಂಗಿಯಲ್ಲಿ, ಹತ್ತು ನಿಮಿಷ ಚುಟ್ಟ ಸುತ್ತುವವನಾಗಿರುತ್ತಾನೆ, ಮುಂದಿನ ಹತ್ತು ನಿಮಿಷ ಪ್ರತಿಕಾರನಾಗಿರುತ್ತಾನೆ. ಹಸ್ತಪ್ರತಿಯ ಇನ್ನೂರು ಚಿತ್ರಗಳಿಗೆ ಪತ್ರಸಂಖ್ಯೆಯ ಹೆಸರು ಕೊಡುವುದು, ಅಂಚುಗಳನ್ನು ಕತ್ತರಿಸಿ ನೇರ ಮಾಡುವುದು, ಸಿದ್ಧವಾದ ಪದಸೂಚಿಯ ಪುಟಸಂಖ್ಯೆಗಳನ್ನು ತುಂಬುವುದು, ಇವು ಬೆರಳಿನ ಕೆಲಸಗಳು. ಓದುವುದು, ಇಳಿಸುವುದು, ಅನುವಾದಿಸುವುದು, ಕರಡು ತಿದ್ದುವುದು, ಇವು ಮಾತಿನ ಕೆಲಸಗಳು. ಯಾವ ಸಂಗೀತ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರವೇ ಸಿಗದಿರುವುದಕ್ಕೆ ಇವೆರಡನ್ನೂ ‘ಕಂಪ್ಯೂಟರ್ ಕೆಲಸ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿರುವುದು ಮುಖ್ಯ ಕಾರಣ.

ಆಧುನಿಕ ಮನೋವಿಜ್ಞಾನ ಇದನ್ನು ಪ್ರಯೋಗಗಳಿಂದ ಪರಿಶೀಲಿಸಿದೆ. ಕಣ್ಣಿಗೆ ತೋರಿಸಿದ ಅಕ್ಷರಗಳ ಸಾಲನ್ನು ಕ್ರಮತಪ್ಪದೆ ನೆನಪಿನಿಂದ ಹೇಳಬೇಕು, ಆ ಹೊತ್ತಿನಲ್ಲಿ ಕಿವಿಗೆ ಬೇರೆ ಮಾತು ಬೀಳುತ್ತಿರುತ್ತದೆ, ಅದನ್ನು ಲಕ್ಷಿಸಬಾರದು. ಕಾಲ್ ಮತ್ತು ವೆಲ್ಷ್ 1976ರಲ್ಲಿ ನಡೆಸಿದ ಇಂತಹ ಪ್ರಯೋಗದಲ್ಲಿ, ಕೇಳುಗರಿಗೆ ತಿಳಿಯದ ಜರ್ಮನ್ ಭಾಷೆಯ ಮಾತು ಕೂಡ ನೆನಪನ್ನು ಕೆಡಿಸಿತು. ತಿಳಿಯದ ಭಾಷೆಯ ಹಾಡು ಹಾಕಿಕೊಂಡರೆ ಬಾಧಕವಿಲ್ಲ ಎಂದು ನಂಬಿರುವವರು (ಬಹುಕಾಲ ನಾನೂ ಒಬ್ಬ) ಇದನ್ನು ಗಮನಿಸಬೇಕು. 1989ರಲ್ಲಿ ಸಲಾಮೆ ಮತ್ತು ಬ್ಯಾಡ್ಲಿ ಅವರು ಹಾಡನ್ನೂ ವಾದ್ಯಸಂಗೀತವನ್ನೂ ಹೋಲಿಸಿ, ಹಾಡು ಹೆಚ್ಚು ಬಾಧಿಸುತ್ತದೆ, ವಾದ್ಯ ಕಡಿಮೆ ಎಂದು ಕಂಡರು. ಬ್ಯಾಡ್ಲಿ ಅವರ ವಿವರಣೆ ನಮ್ಮ ಪ್ರತಿಕಾರನ ಒಳದನಿಗೆ ಬಹಳ ಹತ್ತಿರದ್ದು: ಓದಿದ ಪದಗಳು ಧ್ವನಿರೂಪದಲ್ಲಿ ಕೆಲವು ಗಳಿಗೆ ತಂಗುವ ತಾಣವೊಂದಿದೆ, ಹೊರಗಿನ ಮಾತಿಗೂ ಅದೇ ತಾಣಕ್ಕೆ ನೇರ ಪ್ರವೇಶವಿದೆ. ಮೆಚ್ಚಿನ ಸಂಗೀತವಾದರೆ ತೊಂದರೆಯಿಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಪೆರಮ್ ಮತ್ತು ವಿಝಾರ್ಡ್ 2011ರಲ್ಲಿ ಇಷ್ಟದ ಸಂಗೀತ, ಇಷ್ಟವಿಲ್ಲದ ಸಂಗೀತ ಎರಡನ್ನೂ ಕೇಳಿಸಿ ನೋಡಿದರು. ಮೌನಕ್ಕೆ ಹೋಲಿಸಿದರೆ ಎರಡೂ ಕೆಡಿಸಿದವು.

ಮೊಜಾರ್ಟನ ಸಂಗೀತ ಬುದ್ಧಿಯನ್ನು ಚುರುಕುಗೊಳಿಸುತ್ತದೆ ಎಂಬ ಪ್ರಸಿದ್ಧ ಮಾತಿನ ಮೂಲವನ್ನೂ ಇಲ್ಲೇ ಹೇಳಿಬಿಡಬಹುದು. 1993ರ ‘ನೇಚರ್’ ಪತ್ರಿಕೆಯ ಒಂದು ಪುಟ್ಟ ಬರಹ ಅದು. 36 ವಿದ್ಯಾರ್ಥಿಗಳು ಹತ್ತು ನಿಮಿಷ ಒಂದು ಸೊನಾಟಾ ಕೇಳಿದ ಬಳಿಕ ಆಕಾರಗಳನ್ನು ಮನಸ್ಸಿನಲ್ಲಿ ಮಡಿಸಿ ಬಿಡಿಸುವಂತಹ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು; ಪರಿಣಾಮ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಉಳಿಯಲಿಲ್ಲ. ಅವರು ಕೇಳಿದ್ದು ಕೆಲಸಕ್ಕೆ ಮೊದಲು, ಕೆಲಸದ ಜೊತೆಗಲ್ಲ. ಆಮೇಲಿನ ಹಲವು ಪ್ರಯೋಗಗಳಲ್ಲಿ ಆ ಅಲ್ಪ ಲಾಭವೂ ಸರಿಯಾಗಿ ಮರುಕಳಿಸಲಿಲ್ಲ.

ಹಾಗಾದರೆ ವಾದ್ಯಸಂಗೀತವೇ ಉತ್ತರವೆಂದು ನಿಶ್ಚಯಿಸಬಹುದಿತ್ತು. ನಮ್ಮ ಸಂಗೀತದ ವಿಷಯದಲ್ಲಿ ಅದು ಅಷ್ಟು ಸರಳವಲ್ಲ. ಕರ್ಣಾಟಕ ಸಂಗೀತದಲ್ಲಿ ವೀಣೆಯೂ ಪಿಟೀಲೂ ನುಡಿಸುವುದು ಬಹುಮಟ್ಟಿಗೆ ಕೃತಿಗಳನ್ನು, ಕೃತಿಗೆ ಸಾಹಿತ್ಯವುಂಟು. ಹಂಸಧ್ವನಿಯಲ್ಲಿ ‘ವಾತಾಪಿ’ಯ ಮೊದಲ ಸಂಗತಿ ವೀಣೆಯಲ್ಲಿ ಹೊರಟಿತೆಂದರೆ ದೀಕ್ಷಿತರ ಪದಗಳು ಬಲ್ಲವನ ಮನಸ್ಸಿನಲ್ಲಿ ತಾವಾಗಿ ಎದ್ದು ನಿಲ್ಲುತ್ತವೆ. ತಂತಿಯಲ್ಲಿ ಮಾತಿಲ್ಲ, ಕೇಳುವವನಲ್ಲಿ ಇದೆ. ಹೀಗಾಗಿ ಒಂದೇ ವೀಣೆ ಸಂಗೀತ ತಿಳಿಯದ ವಿದ್ಯಾರ್ಥಿಗೆ ಶುದ್ಧ ನಾದ. ದೇವರನಾಮ ಹಾಡಿಕೊಂಡು ಬೆಳೆದವನಿಗೆ ಪೂರ್ತಿ ಸಾಹಿತ್ಯ. ಇನ್ನೊಬ್ಬರು ಹೇಳಿದ ಆಯ್ಕೆ ನಮಗೆ ಒಗ್ಗದಿರುವುದು ಈ ಕಾರಣದಿಂದಲೇ ಇರಬೇಕು. ಕೃತಿಯನ್ನು ಬಿಟ್ಟು ರಾಗಾಲಾಪನೆ, ತಾನಗಳತ್ತ ಹೋದರೆ ಸಾಹಿತ್ಯದ ಕಾಟ ತಪ್ಪುತ್ತದೆ. ಮೈಸೂರಿನ ವೈಣಿಕ ಪರಂಪರೆಯಲ್ಲಿ, ಉದಾಹರಣೆಗೆ ದೊರೆಸ್ವಾಮಿ ಅಯ್ಯಂಗಾರ್ಯರ ವಾದನದಲ್ಲಿ, ತಾನಕ್ಕೆ ಒಂದು ಸಮನಾದ ನಡಿಗೆಯಿದೆ. ತಾಳದ ಕಟ್ಟಿಲ್ಲ, ಚಲನೆಯ ಮಿಡಿತವಿದೆ. ಪತ್ರಸಂಖ್ಯೆ ತುಂಬುವ ಬೆರಳಿಗೆ ಅದಕ್ಕಿಂತ ಒಳ್ಳೆಯ ಜೊತೆಗಾರ ನನಗೆ ಸಿಕ್ಕಿಲ್ಲ. ಹಿಂದುಸ್ತಾನಿ ಪದ್ಧತಿಯಲ್ಲಿ ರಾಜೀವ ತಾರಾನಾಥರ ಸರೋದಿನ ಆಲಾಪವೂ ಹಾಗೆಯೇ. ಅವರು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದರೆಂಬುದು ಈ ಬರಹದ ಓದುಗರಿಗೆ ಇನ್ನಷ್ಟು ಹಿತವಾಗಬಹುದು. ಝಾಲಾ ಆರಂಭವಾಗುವ ಮುನ್ನ ನಿಲ್ಲಿಸಬೇಕು. ಇಲ್ಲವಾದರೆ ಬೆರಳು ವಾದ್ಯದ ವೇಗವನ್ನು ಹಿಡಿಯಲು ಹೋಗಿ 47ರ ಜಾಗದಲ್ಲಿ 74 ಬೀಳುತ್ತದೆ.

ಆದರೆ ರಾಗ ಬಲ್ಲವನಿಗೆ ಆಲಾಪವೂ ಒಂದು ಬಗೆಯ ಮಾತೇ. ಈ ಸ್ವರದ ಬಳಿಕ ಯಾವುದು, ನ್ಯಾಸ ಎಲ್ಲಿ ಎಂದು ಅವನ ಚಿತ್ತ ಹಿಂದೆಯೇ ನಡೆಯುತ್ತದೆ. ನಮ್ಮ ಕಾವ್ಯಗಳಲ್ಲಿ ಸಂಗೀತನೃತ್ಯಗಳು ಹಿನ್ನೆಲೆಯಾಗಿ ಬರುವುದೇ ಇಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. 941ರ ಆದಿಪುರಾಣದ ನೀಲಾಂಜನೆಯ ಪ್ರಸಂಗದಲ್ಲಿ, ನರ್ತಿಸುತ್ತಿರುವಾಗಲೇ ಅವಳ ಆಯುಸ್ಸು ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅದೇ ರೂಪದ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ತುಂಬಿದ ಸಭೆಗೆ ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ. ಜನ್ನನ ಯಶೋಧರಚರಿತೆಯಲ್ಲಿ (1209) ಅಮೃತಮತಿಯನ್ನು ಸೆಳೆದದ್ದು ಕಣ್ಣಿಗೆ ಕಂಡ ರೂಪವಲ್ಲ. ರಾತ್ರಿಯ ಕೊನೆಯಲ್ಲಿ ಗಜಶಾಲೆಯ ಕಡೆಯಿಂದ ತೇಲಿಬಂದ ಹಾಡು. ಅವಳು ಅದನ್ನು ಕೇಳಬೇಕೆಂದು ಆರಿಸಿಕೊಂಡಿರಲಿಲ್ಲ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ಕಿವಿಗೆ ಬಿದ್ದುದನ್ನು ಗಮನಿಸಬೇಡವೆಂದು ಮನಸ್ಸಿಗೆ ಹೇಳುವುದು ಸುಲಭವಲ್ಲ. ಫ್ರಾನ್ಸಿನ ಎರಿಕ್ ಸಾಟಿ ಎಂಬ ಸಂಗೀತಗಾರ 1920ರಲ್ಲಿ ಪ್ಯಾರಿಸಿನ ಒಂದು ಕಲಾಮಂದಿರದಲ್ಲಿ, ಯಾರೂ ಲಕ್ಷ್ಯ ಕೊಡಬಾರದ, ಮೇಜುಕುರ್ಚಿಗಳಂತೆ ಸುಮ್ಮನೆ ಇರುವ ಸಂಗೀತವೆಂದು ಹೇಳಿ ತನ್ನ ರಚನೆಗಳನ್ನು ನುಡಿಸಿದನು. ವಾದನ ಆರಂಭವಾದೊಡನೆ ಜನ ಮಾತು ನಿಲ್ಲಿಸಿ ಕೇಳತೊಡಗಿದರು. ಮಾತಾಡಿ, ಓಡಾಡಿ, ಕೇಳಬೇಡಿ ಎಂದು ಸಾಟಿ ಅವರ ನಡುವೆ ಸುತ್ತಾಡಬೇಕಾಯಿತು.

ಇಷ್ಟಿದ್ದರೂ ಮೌನವೇ ಮೇಲು ಎಂದು ವಿದ್ಯಾರ್ಥಿಗಳಿಗೆ ಹೇಳಿ ಕೈತೊಳೆದುಕೊಳ್ಳಲಾರೆ. ಅವರು ಹೆಡ್‌ಫೋನು ಹಾಕಿಕೊಳ್ಳುವುದು ಬಹುತೇಕ ಸಂಗೀತದ ಆಸೆಯಿಂದಲ್ಲ, ಸುತ್ತಲಿನ ಮಾತಿನಿಂದ ತಪ್ಪಿಸಿಕೊಳ್ಳುವುದಕ್ಕೆ. ಹಾಸ್ಟೆಲಿನ ಕೋಣೆಯಲ್ಲಿ ಮೂವರು, ಪಕ್ಕದಲ್ಲಿ ಟಿವಿ, ಹೊರಗೆ ಬಸ್ಸು. ಅರ್ಥವಾಗುವ ಮಾತಿಗಿಂತ ಅರ್ಥವಿಲ್ಲದ ನಾದ ಕಡಿಮೆ ಕೆಡುಕಿನದು ಎಂಬ ಅವರ ಲೆಕ್ಕ ಸರಿಯಾದದ್ದೇ. ಅಂಥವರಿಗೆ ನಾನು ಹೇಳುವುದು ಇಷ್ಟು: ತಂಬೂರಿಯ ಶ್ರುತಿ ಸಾಕು. ಅದರಲ್ಲಿ ಪದವಿಲ್ಲ, ಮುಂದಿನ ಸ್ವರದ ನಿರೀಕ್ಷೆಯಿಲ್ಲ, ಮುಗಿಯುವ ಜಾಗವಿಲ್ಲ. ಅದು ಸಂಗೀತವೇ ಅಲ್ಲವೆಂದು ಕೆಲವರು ಆಕ್ಷೇಪಿಸಿದ್ದಾರೆ; ಸಂಗೀತ ಬರುವ ಮುಂಚಿನ ನೆಲ ಅದು ಎಂಬುದು ನನ್ನ ಉತ್ತರ. ಮನ್ಸೂರರನ್ನೋ ಗಂಗೂಬಾಯಿಯವರನ್ನೋ ಕೇಳಬೇಕೆನಿಸಿದರೆ ಕಂಪ್ಯೂಟರನ್ನು ಮುಚ್ಚಿಟ್ಟು ಕೇಳುವುದು ಒಳ್ಳೆಯದು. ಹಸ್ತಪ್ರತಿಗೂ ಒಳ್ಳೆಯದು, ಅವರಿಗೂ ಮರ್ಯಾದೆ.

ಆ ಸಾಂಗತ್ಯಕೃತಿಯ ಉಳಿದ ಸಂಧಿಗಳನ್ನು ಹೆಡ್‌ಫೋನಿಲ್ಲದೆ ಇಳಿಸಿದೆ. ಹಾಡು ಕೇಳುತ್ತ ಟೈಪಿಸಿದ ಹಿಂದಿನ ಪುಟಗಳೆಲ್ಲವನ್ನೂ ಇನ್ನೊಮ್ಮೆ ಮೂಲದೊಡನೆ ಹೋಲಿಸಬೇಕಾಯಿತು. ಹನ್ನೊಂದು ದಿನ ಹಿಡಿಯಿತು. ‘ನೀನೇ’ಯಂತಹದೇ ಇನ್ನೊಂದು ತಪ್ಪು ಸಿಕ್ಕಿತು, ಅದೂ ಅದೇ ಸಂಜೆಯದು. ಮೂರನೆಯದೊಂದು ಸಿಕ್ಕಿದ್ದು ಮೌನದಲ್ಲಿ ಇಳಿಸಿದ ಪುಟದಲ್ಲಿ. ಒಂದೇ ಪದ ಎರಡು ಸಾಲುಗಳ ಮೊದಲಲ್ಲಿ ಬಂದುದರಿಂದ ನಡುವಿನ ಸಾಲನ್ನು ಪೂರ್ತಿಯಾಗಿ ಹಾರಿಬಿಟ್ಟಿದ್ದೆ.